ಅಮ್ಮನ ಜೊತೆ ಒರ್ವಿಯೆತೊ: ಬೆಟ್ಟದ ಮೇಲಿನ ಊರು, ಊರಿನ ಕೆಳಗಿನ ಬಾವಿ

ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗೋದು ಅಂತ ನಿರ್ಧಾರ ಆದಾಗ ರೋಮ್, ಫ್ಲಾರೆನ್ಸ್ ಎರಡೂ ಲಿಸ್ಟಿನಲ್ಲಿ ಇದ್ದೇ ಇದ್ದವು. ಆದರೆ ಬೆಟ್ಟದ ಮೇಲಿನ ಹಳೇ ಊರು ಒಂದನ್ನಾದರೂ ಅವಳಿಗೆ ತೋರಿಸಲೇಬೇಕು ಅಂತ ನನಗೆ ಆಸೆ. ಅಮ್ಮನಿಗೆ 66 ವರ್ಷ, ಬಲಗಾಲಿನ ಮಂಡಿ ನೋವು. "ಬೆಟ್ಟ ಅಂದ್ರೆ ಹತ್ತಬೇಕಲ್ವೇನೇ?" ಅಂತ ಮೊದಲೇ ಕೇಳಿದಳು.

ಇಂಥ ಊರುಗಳು ಟಸ್ಕನಿ, ಉಂಬ್ರಿಯಾ ಪ್ರಾಂತ್ಯಗಳ ತುಂಬಾ ಇವೆ. ಸಾನ್ ಜಿಮಿನ್ಯಾನೊಗೆ ಹೋಗಬೇಕು ಅಂದರೆ ರೈಲಿಳಿದು ಬಸ್ ಹಿಡಿಯಬೇಕು. ಬಾಡಿಗೆ ಕಾರು ತಗೊಂಡರೆ ಹಳೇ ಊರಿನೊಳಗೆ ಹೊರಗಿನ ಗಾಡಿ ಬಿಡದ ವಲಯಗಳಿವೆ, ಗೊತ್ತಿಲ್ಲದೆ ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡ ಹಾಕುತ್ತದೆ. ನನಗೆ ಅಲ್ಲಿ ಕಾರು ಓಡಿಸುವ ಧೈರ್ಯವೂ ಇರಲಿಲ್ಲ. ಒರ್ವಿಯೆತೊ ಹಾಗಲ್ಲ. ರೋಮ್-ಫ್ಲಾರೆನ್ಸ್ ರೈಲು ದಾರಿಯ ಮೇಲೇ ಇದೆ. ಸ್ಟೇಷನ್ ಎದುರಿಗೇ ಫ್ಯುನಿಕ್ಯುಲರ್ ಇದೆ, ಅಂದರೆ ಕೇಬಲ್ ಕಟ್ಟಿ ಇಳಿಜಾರಿನ ಹಳಿಯ ಮೇಲೆ ಎಳೆಯುವ ಡಬ್ಬಿ. ಅದಕ್ಕೇ ಅದನ್ನು ಆರಿಸಿದೆ.

ರೋಮಿನ ಟೆರ್ಮಿನಿ ಸ್ಟೇಷನ್ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಕಾಗದದ ಟಿಕೆಟ್ ತಗೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರಂನಲ್ಲಿರುವ ಪುಟ್ಟ ಮೆಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಿ, ಮರೆತರೆ ದಂಡ ಬೀಳುತ್ತದೆ. ಊರು ಹತ್ತಿರ ಬಂದಾಗ ಕಿಟಕಿಯಿಂದ ಮೊದಲು ಕಾಣೋದು ಬಂಡೆ. ಸುತ್ತಲೂ ಸಪಾಟಾದ ಬಯಲು, ದ್ರಾಕ್ಷಿ ತೋಟ, ನಡುವೆ ಕತ್ತರಿಸಿ ನಿಲ್ಲಿಸಿದ ಹಾಗೆ ಜೇನು ಬಣ್ಣದ ಕಡಿದಾದ ಗೋಡೆ, ಅದರ ನೆತ್ತಿಯ ಮೇಲೆ ಮನೆಗಳು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಟೂಫಾ ಅನ್ನುವ ಮೆತ್ತನೆಯ ಕಲ್ಲು ಅದು. ಕೆಳಗೆ ಜೇಡಿ ಮಣ್ಣು, ಅದರ ಮೇಲೆ ಈ ಕಲ್ಲು ಕೂತಿದೆ. ಅಂಚು ಕುಸಿಯುವ ಭಯ ಎಷ್ಟಿತ್ತು ಅಂದರೆ, ಈ ಬಂಡೆಯನ್ನು ಭದ್ರ ಮಾಡೋದಕ್ಕೆ 1978ರಲ್ಲಿ ಇಟಲಿ ವಿಶೇಷ ಕಾನೂನನ್ನೇ ತಂದಿತು.

ಅಮ್ಮ ಅದನ್ನು ನೋಡಿದವಳೇ ಕೇಳಿದ್ದು ಒಂದೇ ಮಾತು. "ಅಷ್ಟು ಮೇಲೆ ಊರು ಕಟ್ಟಿದ್ದಾರಲ್ಲ, ನೀರಿಗೆ ಏನ್ ಮಾಡ್ತಿದ್ರು?"

ಅಮ್ಮ ಹುಟ್ಟಿ ಬೆಳೆದಿದ್ದು ಹೊಸದುರ್ಗದ ಕಡೆ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಸರದಿಯಲ್ಲಿ ನಿಂತು ಕೊಡ ತುಂಬಿಸಿದವಳು. ನಾನು ಚರ್ಚು, ಚಿತ್ರ, ಗೋಪುರ ಅಂತ ಪ್ಲಾನ್ ಬರೆದುಕೊಂಡಿದ್ದೆ. ಅಮ್ಮನ ಈ ಪ್ರಶ್ನೆ ಹಿಡಿದುಕೊಂಡು ಎರಡು ದಿನ ಊರು ಸುತ್ತಿದ ಮೇಲೆ, ಒರ್ವಿಯೆತೊವನ್ನು ನೋಡೋದಕ್ಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ ಅಂತ ನನಗೆ ಅನ್ನಿಸಿದೆ.

ಫ್ಯುನಿಕ್ಯುಲರ್‌ನಿಂದಲೇ ಶುರು ಮಾಡಬಹುದು. 1888ರಲ್ಲಿ ಇದು ಶುರುವಾದಾಗ ಓಡುತ್ತಿದ್ದುದು ನೀರಿನ ಭಾರದಿಂದ. ಮೇಲೆ ನಿಂತ ಡಬ್ಬಿಯ ತೊಟ್ಟಿಗೆ ನೀರು ತುಂಬಿಸೋದು, ಅದು ಭಾರಕ್ಕೆ ಇಳಿಯುತ್ತಾ ಕೆಳಗಿನ ಡಬ್ಬಿಯನ್ನು ಮೇಲಕ್ಕೆ ಎಳೆಯೋದು. ಆಮೇಲೆ ನಿಂತುಹೋಗಿ, 1990ರಲ್ಲಿ ಕರೆಂಟಿನಿಂದ ಮತ್ತೆ ಶುರುವಾಯಿತು. ಕೆಲವೇ ನಿಮಿಷದ ಪಯಣ, ಮಂಡಿಗೆ ಏನೂ ತೊಂದರೆಯಿಲ್ಲ. ಮೇಲೆ ಇಳಿದ ಜಾಗದಿಂದ ಊರಿನ ನಡುಭಾಗಕ್ಕೆ ಪುಟ್ಟ ಬಸ್ಸೂ ಇದೆ.

ಎಲ್ಲರೂ ನೇರ ಬಸ್ ಹತ್ತಿ ಚರ್ಚಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಸಾನ್ ಪಾತ್ರಿತ್ಸಿಯೊ ಬಾವಿ ಇರೋದು ಫ್ಯುನಿಕ್ಯುಲರ್ ಪಕ್ಕದಲ್ಲೇ. ಕಾಲು ಇನ್ನೂ ಸೋತಿಲ್ಲದಿರುವಾಗಲೇ ಅದನ್ನು ಮುಗಿಸಿಬಿಡಿ. ಇನ್ನೊಂದು ವಿಷಯ. ನಾನು ಒಂದು ಆನ್‌ಲೈನ್ ಏಜೆನ್ಸಿಯಲ್ಲಿ "ಕ್ಯೂ ಇಲ್ಲದ ಪ್ರವೇಶ" ಅಂತ ಜಾಸ್ತಿ ದುಡ್ಡು ಕೊಟ್ಟು ಬಾವಿಯ ಟಿಕೆಟ್ ತಗೊಂಡಿದ್ದೆ. ಅಲ್ಲಿ ಹೋಗಿ ನೋಡಿದರೆ ಕೌಂಟರಿನಲ್ಲಿ ನಮ್ಮ ಮುಂದೆ ಇಬ್ಬರೇ ಇದ್ದರು. ಎಲ್ಲವನ್ನೂ ನೋಡುವವರಾದರೆ "ಕಾರ್ತಾ ಊನಿಕಾ" ಅಂತ ಒಂದೇ ಟಿಕೆಟ್ ಸಿಗುತ್ತದೆ, ಬಾವಿ, ಚರ್ಚು, ನೆಲದೊಳಗಿನ ಗುಹೆಗಳು, ಗೋಪುರ ಎಲ್ಲ ಅದರಲ್ಲೇ ಬರುತ್ತವೆ.

ಈಗ ಬಾವಿಯ ಕಥೆ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಲೂಟಿ ಮಾಡಿತು. ಪೋಪ್ ಏಳನೇ ಕ್ಲೆಮೆಂಟ್ ತಿಂಗಳುಗಟ್ಟಲೆ ಕೋಟೆಯೊಳಗೆ ಸಿಕ್ಕಿಹಾಕಿಕೊಂಡಿದ್ದು, ಆ ವರ್ಷದ ಕೊನೆಗೆ ತಪ್ಪಿಸಿಕೊಂಡು ಒರ್ವಿಯೆತೊಗೆ ಬಂದ. ಬಂಡೆಯ ಮೇಲಿನ ಊರು, ಶತ್ರು ಹತ್ತೋದು ಕಷ್ಟ. ಆದರೆ ಮುತ್ತಿಗೆ ಹಾಕಿ ಕೂತರೆ? ಅಮ್ಮ ರೈಲಿನಲ್ಲಿ ಕೇಳಿದ ಪ್ರಶ್ನೆಯೇ ಅವನನ್ನೂ ಕಾಡಿತು. ಆಂತೊನಿಯೊ ದ ಸಾಂಗಾಲ್ಲೊ ಅನ್ನುವ ವಾಸ್ತುಶಿಲ್ಪಿಗೆ ಬಾವಿ ತೋಡಿಸಲು ಹೇಳಿದ. ಬಾವಿ ಮುಗಿದಿದ್ದು 1537ರಲ್ಲಿ. ಅಷ್ಟರಲ್ಲಿ ಕ್ಲೆಮೆಂಟ್ ತೀರಿಕೊಂಡು ಮೂರು ವರ್ಷವಾಗಿತ್ತು.

ಸುಮಾರು 53 ಮೀಟರ್ ಆಳ, 13 ಮೀಟರ್ ಅಗಲ. ನಡುವೆ ಖಾಲಿ ಕೊಳವೆ, ಅದರ ಸುತ್ತ ಸುರುಳಿ ಮೆಟ್ಟಿಲು. ಒಂದಲ್ಲ, ಎರಡು ಸುರುಳಿ, ಒಂದರ ಮೇಲೊಂದು ಹೆಣೆದುಕೊಂಡಿವೆ, ಆದರೆ ಎಲ್ಲೂ ಸೇರೋದಿಲ್ಲ. ಒಂದೊಂದರಲ್ಲೂ 248 ಮೆಟ್ಟಿಲು. ಬಾಗಿಲೂ ಬೇರೆ ಬೇರೆ. ಒಂದರಲ್ಲಿ ಇಳಿದು, ತಳದಲ್ಲಿ ನೀರಿನ ಮೇಲಿನ ಪುಟ್ಟ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತಿ ಬರಬೇಕು.

ಇಳಿಯುತ್ತಾ ಅಮ್ಮ ಕೇಳಿದಳು, "ರಾಟೆ ಎಲ್ಲೇ? ಹಗ್ಗ ಇಲ್ವಾ?" ಇಲ್ಲ ಕಣಮ್ಮ, ಹೇಸರಗತ್ತೆಗಳು ಇಳಿದು ನೀರು ಹೊತ್ತು ತರುತ್ತಿದ್ದವು ಅಂದೆ. ಅಷ್ಟು ಹೇಳಿದ್ದೇ ಸಾಕಾಯಿತು. ನಾನು ಓದಿಕೊಂಡು ಬಂದಿದ್ದನ್ನು ವಿವರಿಸುವ ಮೊದಲೇ ಅಮ್ಮ ಹೇಳಿದಳು, "ಅದಕ್ಕೇ ಎರಡು ದಾರಿ. ಖಾಲಿ ಕತ್ತೆ ಇಳೀತಿರುತ್ತೆ, ತುಂಬಿದ್ದು ಹತ್ತುತ್ತಿರುತ್ತೆ, ಎದುರುಬದುರಾದ್ರೆ ಅಲ್ಲೇ ಜಗಳ. ನಮ್ಮೂರ ಬಾವಿ ಮೆಟ್ಟಿಲಲ್ಲಿ ಕೊಡ ಒಡೆದಿದ್ದೆಲ್ಲ ಹಂಗೇ." ಮೆಟ್ಟಿಲು ಅಗಲ, ಎತ್ತರ ಕಡಿಮೆ. ಅದೂ ಪ್ರಾಣಿಗಳ ಕಾಲಿಗೆ ಅಂತ ಮಾಡಿದ್ದು. ಅಮ್ಮನ ಮಂಡಿಗೂ ಅದೇ ಅನುಕೂಲವಾಯಿತು.

ಗೋಡೆಯಲ್ಲಿ ಒಳಕೊಳವೆಯ ಕಡೆಗೆ ಸುಮಾರು 70 ಕಿಟಕಿಗಳಿವೆ. ಮೇಲಿನ ಬೆಳಕು ಅವುಗಳ ಮೂಲಕ ಮೆಟ್ಟಿಲಿಗೆ ಬೀಳುತ್ತದೆ. ಮೊದಲು ಕೈಗೆ ತಗಲೋದು ಕೆತ್ತಿದ ಟೂಫಾ, ಕೆಳಗೆ ಹೋದ ಹಾಗೆ ಇಟ್ಟಿಗೆ, ಯಾಕೆಂದರೆ ಅಲ್ಲಿ ಜೇಡಿ ಮಣ್ಣು ಶುರುವಾಗುತ್ತದೆ. ಗಾಳಿ ತಣ್ಣಗಾಗುತ್ತಾ ಬರುತ್ತದೆ, ಗೋಡೆ ಒದ್ದೆ, ಪಾಚಿ. ಎದುರಿನ ಕಿಟಕಿಗಳಲ್ಲಿ ಹತ್ತಿ ಹೋಗುತ್ತಿರುವವರ ತಲೆ ಕಾಣಿಸಿ ಮರೆಯಾಗುತ್ತಿತ್ತು, ನಾವು ಅವರನ್ನು ನೋಡುತ್ತೇವೆ, ಅವರು ನಮ್ಮನ್ನು ನೋಡುತ್ತಾರೆ, ಆದರೆ ಎಲ್ಲೂ ಎದುರಾಗೋದಿಲ್ಲ. ತಳದ ಸೇತುವೆಯ ಮೇಲೆ ನಿಂತು ತಲೆ ಎತ್ತಿದರೆ ಆಕಾಶ ಒಂದು ರೊಟ್ಟಿಯಷ್ಟು. ಅಮ್ಮ ಬಗ್ಗಿ ನೀರು ನೋಡಿದಳು, ಕೈ ಮುಗಿದಳು. ಜನ ಎಸೆದ ನಾಣ್ಯಗಳು ಅಡಿಯಲ್ಲಿ ಹೊಳೆಯುತ್ತಿದ್ದವು.

ಬಾಗಿಲ ಹತ್ತಿರ ಒಂದು ಲ್ಯಾಟಿನ್ ಬರಹ ಇದೆ. ಪ್ರಕೃತಿ ಕೊಡದೇ ಹೋದದ್ದನ್ನು ದುಡಿಮೆ ತಂದುಕೊಟ್ಟಿತು ಅಂತ ಅದರ ಅರ್ಥ. ಹತ್ತಿ ಬರೋದಕ್ಕೆ ನಮಗೆ 25 ನಿಮಿಷ ಹಿಡಿಯಿತು. ಎಷ್ಟೋ ಕಿಟಕಿಗಳಲ್ಲಿ ನಿಂತೆವು, ಅವಸರ ಮಾಡಲಿಲ್ಲ. ಮಂಡಿ ನೋವಿನವರು ಬರಲೇಬಾರದು ಅಂತ ನಾನು ಹೇಳೋದಿಲ್ಲ, ಆದರೆ ನಡುವೆ ಹೊರಗೆ ಹೋಗುವ ದಾರಿ ಇಲ್ಲ ಅನ್ನೋದು ಗೊತ್ತಿರಲಿ. ಮೊಣಕಾಲಿಗೆ ಹಾಕುವ ಪಟ್ಟಿ, ನೀರಿನ ಬಾಟಲಿ, ತೆಳ್ಳನೆಯ ಶಾಲು ಇದ್ದರೆ ಒಳ್ಳೆಯದು.

ಊಟಕ್ಕೆ ಬಂದರೆ, ಸಸ್ಯಾಹಾರಿಗಳು ಎಚ್ಚರವಾಗಿರಬೇಕಾದ್ದು ಬೇಕರಿಯಲ್ಲಿ. ಬಸವನಹುಳು ಆಕಾರದಲ್ಲಿ ಸುತ್ತಿದ ಲುಮಕೆಲ್ಲೆ ಅನ್ನುವ ಬನ್ನು ಈ ಊರಿನ ವಿಶೇಷ. ನೋಡೋದಕ್ಕೆ ಬರೀ ಚೀಸ್ ಬನ್ನು, ಒಳಗೆ ಹಂದಿ ಮಾಂಸದ ಚೂರು ಇರುತ್ತದೆ. ಅಮ್ಮ ಕೈಗೆತ್ತಿಕೊಂಡಿದ್ದಳು, ನಾನು ಕೇಳಿದ್ದರಿಂದ ಅಂಗಡಿಯಾಕೆ ಬೇಡ ಅಂತ ತಲೆಯಾಡಿಸಿದರು. "ಸೆಂತ್ಸಾ ಕಾರ್ನೆ" ಅಂದರೆ ಮಾಂಸ ಬೇಡ, "ಸೆಂತ್ಸಾ ಪೆಶೆ" ಅಂದರೆ ಮೀನು ಬೇಡ. ಎರಡನ್ನೂ ಹೇಳಿ, ಒಂದು ಹೇಳಿದರೆ ಸಾಲದು. ನಮಗೆ ಹಿಡಿಸಿದ್ದು ಉಂಬ್ರಿಕೆಲ್ಲಿ, ಕೈಯಲ್ಲೇ ಹೊಸೆದ ದಪ್ಪ ಶಾವಿಗೆಯಂಥ ಪಾಸ್ತಾ, ಹಿಟ್ಟು ಮತ್ತು ನೀರು ಅಷ್ಟೇ. ಟೊಮ್ಯಾಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದ್ದನ್ನು ಅಮ್ಮ ಎರಡು ಹೊತ್ತೂ ತಿಂದಳು. ಉಂಬ್ರಿಯಾದ ಬ್ರೆಡ್ಡಿಗೆ ಉಪ್ಪು ಹಾಕೋದಿಲ್ಲ, ಅದು ಅಲ್ಲಿನ ಪದ್ಧತಿ. ನಾವು ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಮಧ್ಯಾಹ್ನ ಮೂರರ ಮೇಲೆ ಬಹಳಷ್ಟು ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತದೆ, ರಾತ್ರಿಯವರೆಗೂ ತೆಗೆಯೋದಿಲ್ಲ.

ಊಟ ಆದ ಮೇಲೆ ನೆಲದೊಳಗಿನ ಊರು. ಬಂಡೆಯ ಹೊಟ್ಟೆಯಲ್ಲಿ 1200ಕ್ಕೂ ಹೆಚ್ಚು ಗುಹೆ, ಸುರಂಗ, ಕೋಣೆಗಳಿವೆ. ಸುಮ್ನೆ ಒಳಗೆ ಹೋಗೋದಕ್ಕೆ ಬಿಡೋದಿಲ್ಲ, ಗೈಡ್ ಜೊತೆಗೇ ಹೋಗಬೇಕು, ಸುಮಾರು ಒಂದು ಗಂಟೆ. ನಮ್ಮ ಗುಂಪಿನಲ್ಲಿ ಎಲ್ಲರೂ ಎಣ್ಣೆ ಗಾಣದ ಹತ್ತಿರ ಫೋಟೊ ತೆಗೆಯುತ್ತಿದ್ದರೆ ಅಮ್ಮ ಒಂದು ಚೌಕಾಕಾರದ ಕಿರಿದಾದ ಗುಂಡಿಯ ಹತ್ತಿರ ನಿಂತುಬಿಟ್ಟಿದ್ದಳು. ಅದು ಎಟ್ರುಸ್ಕನ್ನರ ಬಾವಿ. ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಬಂದು ಊರನ್ನು ನೆಲಸಮ ಮಾಡುವ ಮೊದಲು ಇಲ್ಲಿದ್ದ ಜನ ಅವರು. ಎರಡೂ ಬದಿಯ ಗೋಡೆಯಲ್ಲಿ ಕಾಲಿಡೋದಕ್ಕೆ ಪುಟ್ಟ ಪುಟ್ಟ ಗುಳಿ ಕೊರೆದಿದ್ದಾರೆ. ಕಾಲು ಅಗಲಿಸಿ, ಆಚೆ ಒಂದು ಪಾದ ಈಚೆ ಒಂದು ಪಾದ ಇಟ್ಟು ತೋಡುತ್ತಾ ಇಳಿಯಬೇಕು. "ನಮ್ಮ ಕಡೆ ಬಾವಿ ತೋಡೋರೂ ಹಿಂಗೇ ಇಳೀತಿದ್ರು" ಅಂದಳು. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಮ್ಮನಿಗೆ, ಅಮ್ಮ ಹೇಳಿದ್ದನ್ನು ಗೈಡ್‌ಗೆ ಹೇಳಿದೆ. ಅವರು ಆಸಕ್ತಿಯಿಂದ ಇನ್ನೂ ಕೇಳಿದರು.

ಅಲ್ಲೇ ಒಂದು ಕೋಣೆಯ ಗೋಡೆ ಪೂರ್ತಿ ಪಾರಿವಾಳದ ಗೂಡು, ಸಾಲು ಸಾಲಾಗಿ ಕಲ್ಲಿನಲ್ಲೇ ಕೊರೆದವು. ಹೊರಗಿನ ಕಡಿದಾದ ಬಂಡೆಗೆ ಒಂದು ಕಿಂಡಿ. ಪಾರಿವಾಳ ತಾನೇ ಬಯಲಿಗೆ ಹಾರಿ ಕಾಳು ತಿಂದು, ನೀರು ಕುಡಿದು, ಗೂಡಿಗೆ ವಾಪಸ್ ಬರುತ್ತದೆ. ಮೇಲಿನ ಜನ ಮೇವು ನೀರು ಕೊಡದೇ ಮಾಂಸ ಸಿಗುವ ಉಪಾಯ. ಇಲ್ಲೂ ಲೆಕ್ಕ ನೀರಿನದೇ ಅಲ್ವಾ? ಒಂದು ಕಡೆ ದಾರಿ ಬಹಳ ಕಿರಿದು, ಇಕ್ಕಟ್ಟಿನ ಭಯ ಇರುವವರು ಮೊದಲೇ ಗೈಡ್‌ಗೆ ಹೇಳಿ.

ಚರ್ಚನ್ನು ಸಂಜೆಗೆ ಇಟ್ಟುಕೊಳ್ಳಿ. 1290ರಲ್ಲಿ ಅಡಿಗಲ್ಲು ಹಾಕಿ ಕಟ್ಟಲು ಶುರುಮಾಡಿದ ಕಟ್ಟಡ, ಪಕ್ಕದ ಗೋಡೆಗಳು ಕಪ್ಪು ಬಸಾಲ್ಟ್, ಬಿಳಿ ಟ್ರಾವರ್ಟೈನ್ ಕಲ್ಲಿನ ಪಟ್ಟೆ ಪಟ್ಟೆ. ಮುಂಭಾಗದಲ್ಲಿ ಚಿನ್ನದ ಬಣ್ಣದ ಮೊಸಾಯಿಕ್, ಮುಖ ಪಡುವಣಕ್ಕೆ. ಇಳಿಬಿಸಿಲು ಬಿದ್ದಾಗ ಚೌಕದಲ್ಲಿದ್ದ ಜನರ ಮುಖವೂ ಹಳದಿಯಾಗಿತ್ತು. ಆದರೆ ಒಳಗಿನ ಸಾನ್ ಬ್ರಿತ್ಸಿಯೊ ಗುಡಿಯನ್ನು ಅದಕ್ಕೂ ಮೊದಲೇ ನೋಡಬೇಕು, ಸಂಜೆ ಬಾಗಿಲು ಹಾಕುತ್ತಾರೆ. ಭುಜ ಮುಚ್ಚುವ ಬಟ್ಟೆ ಇರಲಿ. ಫ್ರಾ ಆಂಜೆಲಿಕೊ 1447ರಲ್ಲಿ ಶುರುಮಾಡಿ ಬಿಟ್ಟುಹೋದ ಚಿತ್ರಗಳನ್ನು ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಮುಗಿಸಿದ. ಪ್ರಳಯದ ದಿನ ಸತ್ತವರು ನೆಲದೊಳಗಿಂದ ಎದ್ದು ಬರುವ ಗೋಡೆಯ ಮುಂದೆ ನಾವು ಬಹಳ ಹೊತ್ತು ಕೂತಿದ್ದೆವು. ಒಬ್ಬ ಎರಡೂ ಕೈ ಊರಿ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಾನೆ, ನೀರಿನಿಂದ ದಡಕ್ಕೆ ಏರುವವನ ಹಾಗೆ. ಪಕ್ಕದಲ್ಲಿ ಇನ್ನೂ ಮಾಂಸ ತುಂಬದ ಅಸ್ಥಿಪಂಜರಗಳು. ಕಥೆ ಗೊತ್ತಿಲ್ಲದಿದ್ದರೂ ಅಮ್ಮನಿಗೆ ಎಲ್ಲ ಅರ್ಥವಾಯಿತು.

ಮೊರೊ ಗೋಪುರವನ್ನು ಮರುದಿನ ನಾನೊಬ್ಬಳೇ ಹತ್ತಿದೆ. 47 ಮೀಟರ್, ಊರಿನ ಹೆಂಚುಗಳೆಲ್ಲ ಕಾಣುತ್ತವೆ, ಹಿಡಿಸಿತು. ಅದಕ್ಕಿಂತ ಪಡುವಣ ತುದಿಯ ಸಾನ್ ಜೊವೆನಾಲೆ ಚರ್ಚಿನ ಸುತ್ತಿನ ಓಣಿಗಳು ನನಗೆ ಜಾಸ್ತಿ ಇಷ್ಟ. ಬೆಳಿಗ್ಗೆ ಅಲ್ಲಿ ಪ್ರವಾಸಿಗರೇ ಇರಲಿಲ್ಲ. ರಾತ್ರಿ ಅಲ್ಲೇ ತಂಗಿದ್ದರಿಂದ ಸಿಕ್ಕಿದ ಹೊತ್ತು ಅದು. ಕೊನೇ ರೈಲಿಗೆ ಹೊರಗಿನವರು ಇಳಿದು ಹೋದ ಮೇಲೆ, ಮನೆಗಳ ಕಿಟಕಿಯಿಂದ ತಟ್ಟೆ ಲೋಟದ ಸದ್ದು ಕೇಳುತ್ತದೆ.

ಹೊರಡುವ ದಿನ ಫ್ಯುನಿಕ್ಯುಲರ್ ಪಕ್ಕದ ಹಳೇ ಕೋಟೆಯ ತೋಟದಲ್ಲಿ ಕೂತಿದ್ದೆವು. ಕೆಳಗೆ ಪಾಲ್ಯಾ ನದಿಯ ಬಯಲು. ಅಮ್ಮ ನದಿಯನ್ನು ನೋಡಿದಳು, ಆಮೇಲೆ ಬಂಡೆಯ ಅಂಚಿನಿಂದ ಅಲ್ಲಿಗೆ ಎಷ್ಟು ದೂರ ಅಂತ ಕಣ್ಣಲ್ಲೇ ಅಳೆದಳು. "ಬಾವಿ ತೋಡೋಕೆ ಮುಂಚೆ, ಬರಗಾಲದಲ್ಲಿ, ಇಲ್ಲಿನ ಹೆಂಗಸ್ರು ಅಲ್ಲೀವರೆಗೂ ಹೋಗ್ತಿದ್ರಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದು ಅವಳಿಗೆ ಕೊಟ್ಟೆ.