ಲೋಡಿನಲ್ಲಿ ಬಂದ ಬಿಳಿ ಕಲೆ

ದಾವಣಗೆರೆಯಲ್ಲಿ ನನ್ನದು ಕಿಟಕಿ, ಪಾರ್ಟಿಷನ್ ಮಾಡುವ ವರ್ಕ್‌ಶಾಪ್. ಅಲ್ಯೂಮಿನಿಯಂ ಸೆಕ್ಷನ್, ಅಂದರೆ ಚೌಕಟ್ಟು ಮಾಡುವ ಉದ್ದನೆಯ ಪಟ್ಟಿಗಳು, ಬೆಂಗಳೂರಿನಿಂದ ಲಾರಿಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ಕೆಲವು ಕಟ್ಟು ಬಿಚ್ಚಿದರೆ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಲೆ.

ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ ಅಲ್ವಾ ಅಂತ ಗಿರಾಕಿಗಳು ಕೇಳುತ್ತಾರೆ. ಕಬ್ಬಿಣದ ಕೆಂಪು ತುಕ್ಕು ಹಿಡಿಯಲ್ಲ, ನಿಜ. ಗಾಳಿ ತಾಗಿದ ಕೂಡಲೇ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕೂತು ಲೋಹವನ್ನು ಕಾಯುತ್ತದೆ. ಆದರೆ ಒತ್ತಿ ಕಟ್ಟಿದ ಸೆಕ್ಷನ್‌ಗಳ ನಡುವೆ ನೀರು ಸೇರಿದರೆ ಅದು ಆರುವುದಿಲ್ಲ. ಅಲ್ಲೇ ಈ ಬಿಳಿ ಪದರ ಬೆಳೆಯುತ್ತದೆ. ತಾಡಪಾಲು ಸೋರಲೇಬೇಕು ಅಂತೇನಿಲ್ಲ. ರಾತ್ರಿ ತಣ್ಣಗಾದ ಲೋಹಕ್ಕೆ ತೇವದ ಬೆಚ್ಚನೆ ಗಾಳಿ ತಾಗಿದರೂ ಬೆವರುತ್ತದೆ. ಪ್ಲಾಸ್ಟಿಕ್ ಸುತ್ತಿದ್ದರೆ ಆ ನೀರು ಒಳಗೇ ಉಳಿಯುತ್ತದೆ.

ಹಾಗಾಗಿ ಲೋಡು ಇಳಿಸುವ ಮೊದಲೇ ಕಟ್ಟಿನ ತುದಿ ಮುಟ್ಟಿ ನೋಡುತ್ತೇನೆ. ಕಟ್ಟಿನ ಕಾಗದ ಒದ್ದೆ ಇದ್ದರೆ ಫೋಟೊ, ಎಲ್‌ಆರ್ (ಲಾರಿಯವರ ರಸೀದಿ) ಮೇಲೆ ಒಂದು ಸಾಲು, ಆಮೇಲೆ ಸಹಿ. ಡ್ರೈವರ್ ಮುಖ ಗಂಟಿಕ್ಕುತ್ತಾನೆ, ಇರಲಿ. ಒದ್ದೆ ಕಟ್ಟನ್ನು ಅವತ್ತೇ ಬಿಚ್ಚಿ, ಒಂದೊಂದೇ ಸೆಕ್ಷನ್ ಒರೆಸಿ, ಓರೆಯಾಗಿ ನಿಲ್ಲಿಸಿ ಫ್ಯಾನ್ ಹಾಕುತ್ತೇವೆ. ಕಟ್ಟು ಒಣಗಿದ್ದು ತಣ್ಣಗಿದ್ದರೆ ಮಾತ್ರ ಸುಮ್ನೆ ಬಿಡುತ್ತೇವೆ. ಶೆಡ್ಡಿನ ಬಿಸಿಗೆ ಬರುವವರೆಗೆ ಬಿಚ್ಚುವುದಿಲ್ಲ.

ಕಲೆ ಆಗಿದ್ದರೆ ಅದರ ಮೇಲೆ ಉಗುರು ಆಡಿಸುತ್ತೇನೆ. ಜಾರಿದರೆ ಬರೀ ಮೇಲಿನ ಕಲೆ. ತಡೆದರೆ ಗುಂಡಿ ಬಿದ್ದಿದೆ. ಮೇಲಿನ ಕಲೆಗೆ ನೈಲಾನ್ ಸ್ಕ್ರಬ್ಬರ್ ಮತ್ತು ತೆಳು ಎಣ್ಣೆ ಸಾಕು, ಲೋಹದ ಗೆರೆ ಹೋದ ಕಡೆಗೇ ಉಜ್ಜಬೇಕು. ಹೋಗದಿದ್ದರೆ ಫಾಸ್ಫಾರಿಕ್ ಆಸಿಡ್ ಇರುವ ಅಲ್ಯೂಮಿನಿಯಂ ಕ್ಲೀನರ್, ಡಬ್ಬಿ ಮೇಲೆ ಬರೆದಷ್ಟೇ ನೀರು ಬೆರೆಸಿ. ಗ್ಲೌಸ್, ಕನ್ನಡಕ ಬೇಕೇ ಬೇಕು. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಹುಡುಗರಿಗೆ ಟಾಯ್ಲೆಟ್ ಆಸಿಡ್ ಮೇಲೆ ಕಣ್ಣು ಜಾಸ್ತಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಕಲೆಯ ಜೊತೆ ಲೋಹವನ್ನೂ ತಿನ್ನುತ್ತದೆ. ಕಬ್ಬಿಣದ ನಾರಿಗೂ ನನ್ನ ಶೆಡ್ಡಿನಲ್ಲಿ ಜಾಗವಿಲ್ಲ. ಅದರ ಚೂರು ಸಿಕ್ಕಿಕೊಂಡು ಆಮೇಲೆ ಕೆಂಪು ಚುಕ್ಕೆ ಏಳುತ್ತದೆ. ಇದೆಲ್ಲ ಬಣ್ಣ, ಲೇಪನ ಇಲ್ಲದ ಮಾಲಿಗೆ ಮಾತ್ರ. ಅನೋಡೈಸ್ ಆದದ್ದನ್ನು, ಅಂದರೆ ಕರೆಂಟ್ ಹಾಯಿಸಿ ಆಕ್ಸೈಡ್ ಪದರ ದಪ್ಪ ಮಾಡಿದ್ದನ್ನು, ಉಜ್ಜಿದರೆ ಲೇಪನವೇ ಕೆಡುತ್ತದೆ.

ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಹಾಕಿ ಬಿಸಿಯಲ್ಲಿ ಕೂರಿಸುವುದು) ಕಳಿಸುವುದಾದರೆ ಎಣ್ಣೆಯ ಜಿಡ್ಡು ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಪೌಡರ್ ಹಿಡಿಯಲ್ಲ. ಗುಂಡಿ ಹೆಚ್ಚು ಆಳವಿಲ್ಲದಿದ್ದರೆ ಅಂಥ ಸೆಕ್ಷನ್ನನ್ನು ಪಾರ್ಟಿಷನ್ ಒಳಗೆ ಮುಚ್ಚಿಹೋಗುವ ತುಂಡುಗಳಿಗೆ ಕತ್ತರಿಸುತ್ತೇನೆ. ಅನೋಡೈಸಿಂಗ್‌ಗೆ ಮಾತ್ರ ಕಳಿಸುವುದಿಲ್ಲ. ಆ ಲೇಪನ ಏನನ್ನೂ ಮುಚ್ಚುವುದಿಲ್ಲ, ಕಲೆ ಇದ್ದ ಜಾಗ ಹಾಗೇ ಎದ್ದು ಕಾಣುತ್ತದೆ.