ಪಾರ್ವೊ ಬಂದು ಹೋದ ಹಿತ್ತಲಿಗೆ ಮುಧೋಳ ಮರಿಯನ್ನು ತಂದ ಬಗೆ

ನಾಯಿಮರಿಗಳಿಗೆ ವಾಂತಿಭೇದಿ ತಂದು ಕೊಲ್ಲುವ ಪಾರ್ವೊ ಎಂಬ ವೈರಸ್ ರೋಗದಿಂದ ಮರಿ ಸತ್ತ ಮನೆಗೆ ವರ್ಷ ಕಳೆಯುವವರೆಗೆ ಇನ್ನೊಂದು ಮರಿಯನ್ನು ತರಬಾರದು ಎಂಬುದು ನಾಯಿ ಸಾಕುವವರ ನಡುವೆ ಬಳಕೆಯಲ್ಲಿರುವ ಮಾತು. ಅದರಲ್ಲಿ ಹುರುಳೂ ಇದೆ, ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಧಾರವಾಡದಲ್ಲಿ ನಾವು ಕೊಂಡ ಹಳೆಯ ಮನೆಯ ಹಿತ್ತಲಿನಲ್ಲಿ ಹಿಂದೆ ಇದ್ದವರ ಮರಿ ಇದೇ ರೋಗದಿಂದ ಸತ್ತಿತ್ತು. ಹಾಗಿದ್ದೂ ಐದಾರು ತಿಂಗಳ ತಯಾರಿಯ ನಂತರ ಅದೇ ಮನೆಗೆ ಮುಧೋಳ ತಳಿಯ ಬೇಟೆನಾಯಿಯ ಮರಿಯೊಂದನ್ನು ತಂದೆ. ಅದಕ್ಕೀಗ ಒಂದೂವರೆ ವರ್ಷ ದಾಟಿದೆ, ಪಾರ್ವೊ ಅದರ ಹತ್ತಿರ ಸುಳಿದಿಲ್ಲ. ಆಗ ಬೇಡವೆಂದಿದ್ದವರೇ ಈಗ ವಿಧಾನ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಹಿಂದಿನವರು ಹಿತ್ತಲಿಗೆಲ್ಲ ಫಿನಾಯಿಲ್ ಸುರಿದು ಹೋಗಿದ್ದರು. ಪಾರ್ವೊ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಬ್ಲೀಚ್ ಕೊಲ್ಲುತ್ತದೆ, ಆದರೆ ಮಣ್ಣಿನ ಮೇಲೆ ಸುರಿದರೆ ಅದರ ಶಕ್ತಿಯೆಲ್ಲ ಮಣ್ಣಿನಲ್ಲೇ ಕರಗಿ ಹೋಗುತ್ತದೆ. ಆದ್ದರಿಂದ ಅಡುಗೆಮನೆಯ ಬಾಗಿಲಿಗೆ ಹೊಂದಿದ ಹತ್ತು ಹನ್ನೆರಡು ಅಡಿ ಜಾಗದಲ್ಲಿ ಅರ್ಧ ಅಡಿ ಮಣ್ಣು ತೆಗೆಸಿ ಶಹಾಬಾದಿ ಫರಸಿ, ಅಂದರೆ ಹಾಸುಗಲ್ಲು, ಹಾಕಿಸಿದೆ. ತೆಗೆದ ಮಣ್ಣನ್ನು ಬೀದಿಗೆ ಹಾಕಿದ್ದರೆ ಬೀದಿಯ ಮರಿಗಳಿಗೆ ರೋಗ ಹಂಚಿದಂತಾಗುತ್ತಿತ್ತು. ಹಿತ್ತಲಿನ ಮೂಲೆಯಲ್ಲೇ ಆಳವಾದ ಗುಂಡಿ ತೋಡಿಸಿ ಮುಚ್ಚಿಸಿದೆ. ಗವಂಡಿ ಮೊದಲ ಸಲ ಫರಸಿಯ ಸಂದುಗಳಿಗೆ ಬರೀ ಉಸುಕು ತುಂಬಿದ್ದ. ಒಂದು ದೊಡ್ಡ ಮಳೆಗೆ ಉಸುಕು ಕೊಚ್ಚಿಹೋಗಿ ಸಂದುಗಳಲ್ಲಿ ಕೆಸರು ನಿಂತಿತು, ಹಾಗಾಗಿ ಎಲ್ಲವನ್ನೂ ಕಿತ್ತು ಸಿಮೆಂಟಿನಿಂದ ಸಂದು ಮುಚ್ಚಿಸಬೇಕಾಯಿತು. ಮೊದಲಿಗೆ ಹದಿನಾಲ್ಕು ಸಾವಿರದಷ್ಟು ಆಗಿತ್ತು, ಮರುಕೆಲಸಕ್ಕೆ ಮತ್ತೆ ನಾಲ್ಕೈದು ಸಾವಿರ ಹೋಯಿತು. ಆನಂತರ ಫರಸಿಯನ್ನು ಸೋಪಿನ ನೀರಿನಿಂದ ತಿಕ್ಕಿ ತೊಳೆದು, ಒಣಗಿದ ಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷವಾದರೂ ಹಸಿಯಾಗಿಯೇ ಇರುವಂತೆ ನೋಡಿಕೊಂಡೆ. ಮೊದಲು ಕೊಳೆ ತೆಗೆಯದಿದ್ದರೆ ಈ ದುಡಿಮೆಯೆಲ್ಲ ವ್ಯರ್ಥ. ಉಳಿದ ಹಿತ್ತಲಿಗೆ ತಂತಿಯ ಜಾಲರಿ ಹಾಕಿಸಿ, ಒಂದು ಬೇಸಿಗೆಯ ಬಿಸಿಲು ಪೂರ್ತಿ ಬೀಳುವವರೆಗೆ ಅತ್ತ ಕಡೆಗೆ ಮರಿಯನ್ನು ಬಿಡಲಿಲ್ಲ.

ಎರಡನೆಯ ವಿಷಯ ಮರಿಯ ವಯಸ್ಸು. ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ನಲವತ್ತೈದು ದಿನಕ್ಕೇ ಮರಿಯನ್ನು ಕೊಟ್ಟುಬಿಡುವವರು ಇದ್ದಾರೆ. ಎಂಟು ವಾರದೊಳಗಿನ ಮರಿಯನ್ನು ಮಾರಬಾರದೆಂದು 2017ರ ಕೇಂದ್ರದ ನಿಯಮವೇ ಹೇಳುತ್ತದೆ. ನಮ್ಮ ಹಿತ್ತಲಿನ ಚರಿತ್ರೆ ಗೊತ್ತಿದ್ದ ನನಗೆ ಎಂಟು ವಾರವೂ ಸಾಲದೆನಿಸಿ, ಪಾರ್ವೊ ತಡೆಯುವ ಎರಡು ಲಸಿಕೆ ಮುಗಿದು ಮೂರು ತಿಂಗಳ ಹತ್ತಿರ ಬರುವವರೆಗೆ ತಾಯಿಯ ಜೊತೆಗೇ ಇಟ್ಟುಕೊಳ್ಳಿ, ಖರ್ಚು ನನ್ನದು ಎಂದು ಸಾಕಿದವರಿಗೆ ಹೇಳಿದೆ. ‘ಅಷ್ಟ ದೊಡ್ಡದಾದ ಮ್ಯಾಲೆ ನಿಮಗ ಹೊಂದಂಗಿಲ್ರೀ ಸಾಹೇಬ್ರ, ಓಡಿ ಬಂದುಬಿಡತೈತಿ’ ಎಂದು ಅವರು ನಕ್ಕರು. ಮರಿಯ ಬೆಲೆ ಹನ್ನೆರಡು ಸಾವಿರದ ಆಸುಪಾಸಿನಲ್ಲಿತ್ತು. ಅದರ ಮೇಲೆ ತಿಂಗಳಿಗೆ ಎರಡೂವರೆ ಸಾವಿರ ಕೊಟ್ಟೆ. ಲಸಿಕೆಯ ವಿಷಯದಲ್ಲಿ ಮೊದಲ ಪ್ರಯತ್ನ ಕೈಕೊಟ್ಟಿತು. ಧಾರವಾಡದಿಂದ ಒಯ್ದ ಡಬ್ಬಿಯ ಮಂಜುಗಡ್ಡೆ ದಾರಿಯಲ್ಲೇ ಕರಗಿ ಸೀಸೆಗಳು ಬೆಚ್ಚಗಾಗಿದ್ದವು. ತಂದಾಗಿದೆ, ಹಾಕಿಬಿಡೋಣ ಎಂದು ಅಲ್ಲಿದ್ದವರೆಲ್ಲ ಒತ್ತಾಯಿಸಿದರೂ ನಾನು ಒಪ್ಪದೆ ಎಸೆದೆ. ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕಾದ ಲಸಿಕೆ ಕೆಟ್ಟ ಮೇಲೆ ಅದನ್ನು ಚುಚ್ಚಿಸಿ ನೆಮ್ಮದಿಯಿಂದಿರುವುದಕ್ಕಿಂತ ಸಾವಿರದಿನ್ನೂರು ರೂಪಾಯಿ ಕಳೆದುಕೊಳ್ಳುವುದು ಮೇಲು. ಮುಂದೆ ಮುಧೋಳದಲ್ಲೇ ಫ್ರಿಜ್ ಇದ್ದ ಪಶುವೈದ್ಯರಿಂದ ಎರಡನ್ನೂ ಹಾಕಿಸಿದೆ. ಮೂರನೆಯದನ್ನೂ ರೇಬೀಸ್ ಲಸಿಕೆಯನ್ನೂ ಮನೆಗೆ ಬಂದ ಮೇಲೆ ಹಾಕಿಸಿದ್ದಾಯಿತು. ಒಂದೇ ಸೂಲಿನ ಮರಿಗಳಲ್ಲಿ ಇದನ್ನೇ ಹೇಗೆ ಆರಿಸಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಇನ್ನೊಂದು ಮರಿಯನ್ನು ತರುವ ಆಸೆ ಇನ್ನೂ ಇದೆ.

ಇದಕ್ಕೂ ಮೊದಲು ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಮನೆಯವರನ್ನೆಲ್ಲ ಕರೆದೊಯ್ದು ಬೆಳೆದ ನಾಯಿಗಳನ್ನು ತೋರಿಸಿದ್ದೆ. ಮುದ್ದು ಮರಿಯನ್ನು ನೋಡಿ ಒಪ್ಪುವುದು ಸುಲಭ. ಸೊಂಟದ ಹತ್ತಿರ ಬರುವ, ಓಡುವುದನ್ನೆಲ್ಲ ಅಟ್ಟಿಸಿಕೊಂಡು ಹೋಗುವ ಬೇಟೆನಾಯಿಯನ್ನು ನೋಡಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ.

ಆ ಅಟ್ಟುವ ಗುಣದ ಕಾರಣ ನಮ್ಮ ಮುದಿ ಬೆಕ್ಕಿನ ಬಗ್ಗೆ ನನಗೆ ಹೆಚ್ಚು ಚಿಂತೆಯಿತ್ತು. ಹಳೆಯ ಧೋತರದ ತುಂಡೊಂದನ್ನು ಮರಿ ಮಲಗುವ ಜಾಗದಲ್ಲಿ ಕೆಲ ದಿನ ಹಾಸಿಸಿ, ಬೇರೆ ಚೀಲದಲ್ಲಿ ಕಟ್ಟಿ ತಂದು ಬೆಕ್ಕಿನ ಬಟ್ಟಲ ಕೆಳಗೆ ಇಟ್ಟೆ. ಬೆಕ್ಕು ಮೊದಲು ಎರಡು ಹೊತ್ತು ಉಪವಾಸ ಬಿದ್ದಿತು. ಬಟ್ಟೆಯನ್ನು ಮಾರು ದೂರ ಸರಿಸಿ ದಿನಕ್ಕೊಂದು ಗೇಣಿನಂತೆ ಹತ್ತಿರ ತಂದ ಮೇಲೆ ದಾರಿಗೆ ಬಂದಿತು. ಬೆಕ್ಕು ಬಳಸಿದ ಗೋಣಿಯನ್ನು ಅತ್ತ ಕಡೆಗೂ ಕಳಿಸಿದ್ದೆ. ಇಂದು ಎರಡೂ ಒಂದೇ ಪಡಸಾಲೆಯಲ್ಲಿ ಮಲಗುತ್ತವೆ. ಆದರೂ ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡುವುದಿಲ್ಲ. ಪೂಜೆಗೆಂದು ಬೆಳೆಸಿದ್ದ ಕಣಗಿಲೆಯ ಗಿಡದ ಪ್ರತಿಯೊಂದು ಭಾಗವೂ ನಾಯಿಗೆ ವಿಷವಾದ್ದರಿಂದ ಅತ್ತೆಯವರನ್ನು ಒಪ್ಪಿಸಿ ಕೀಳಿಸಿದೆ, ಅವರಿಗೆ ದಾಸವಾಳ ಹಚ್ಚಿಕೊಟ್ಟೆ. ಮಲಗಲು ಕೌದಿ ಹಾಸಿದ್ದೆವು, ಆದರೆ ಮರಿ ಅದರ ದಾರ ಕಿತ್ತು ನುಂಗತೊಡಗಿದ ಕೂಡಲೇ ತೆಗೆದು ದಪ್ಪ ಕಂಬಳಿ ಹಾಕಿದೆವು. ತೆಳುಚರ್ಮದ ಈ ತಳಿಗೆ ಬರಿ ಫರಸಿಯ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ.

ಊಟದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಮೊದಲ ವಾರ ಹಳ್ಳಿಯಲ್ಲಿ ತಿನ್ನುತ್ತಿದ್ದ ಗೋವಿನಜೋಳದ ನುಚ್ಚನ್ನೂ ಹಾಲನ್ನೂ ಬದಲಿಸಲಿಲ್ಲ. ಬಳಿಕ ಕೆಲವು ವಾರ ನುಚ್ಚಿಗೆ ಮೊಟ್ಟೆ ಹಾಗೂ ಕೋಳಿ ಬೆರೆಸಿ, ಮತ್ತೆ ಕೆಲವು ವಾರ ಅಂಗಡಿಯ ಒಣ ಆಹಾರ ಕೊಟ್ಟು ತೂಕ ನೋಡಿದೆ. ತೂಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ; ಮಲ ಮಾತ್ರ ಒಣ ಆಹಾರದಲ್ಲಿ ಗಟ್ಟಿಯಾಗಿತ್ತು. ಈಗ ಎರಡನ್ನೂ ಬೆರೆಸಿ ಕೊಡುತ್ತೇನೆ. ಪ್ರಮಾಣ ನಾಯಿಯಿಂದ ನಾಯಿಗೆ ಬದಲಾಗುವುದರಿಂದ ನನ್ನ ಅಳತೆಯನ್ನು ಹೇಳುವುದಿಲ್ಲ.

ಫರಸಿ, ಜಾಲರಿ, ಆರಡಿಯ ಗೇಟು, ಮರಿ, ಲಸಿಕೆ ಎಲ್ಲ ಸೇರಿ ಅರವತ್ತು ಸಾವಿರ ದಾಟಿತು. ಕಾಯಿಲೆಗೆಂದು ಇನ್ನೂ ಹದಿನೈದು ಸಾವಿರವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿದ್ದೆ. ಅದರಲ್ಲಿ ಅರ್ಧದಷ್ಟು ಕಳೆದ ಮಳೆಗಾಲದಲ್ಲಿ ಉಣ್ಣಿ ಕಚ್ಚಿ ಬಂದ ಜ್ವರಕ್ಕೆ ಖರ್ಚಾಯಿತು. ರಾತ್ರಿ ಹತ್ತು ಗಂಟೆಗೆ ರಕ್ತಪರೀಕ್ಷೆಗೆ ಓಡುವಾಗ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ, ಮೂರನೆಯ ದಿನಕ್ಕೆ ನಾಯಿ ಉಣ್ಣತೊಡಗಿತು.