ಕಲ್ಲುಗಂಬದ ಮೇಲೆ ಬಿದಿರಿನ ಕಣಜ: ನನ್ನ ಅನುಭವ

ಬಯಲುಸೀಮೆಯ ಕಪ್ಪು ನೆಲದ ರೈತರು ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಗುಂಡಿಯಲ್ಲಿ, ಕಾಪಾಡಿಕೊಂಡು ಬಂದವರು. ಸೊರಬದ ಕಡೆ ಭತ್ತ ಬೆಳೆಯುವ ನಮಗೆ ಆ ದಾರಿ ಇಲ್ಲ. ಮಳೆಗಾಲದುದ್ದಕ್ಕೂ ನೆಲ ಒಸರುವ ಈ ಸೀಮೆಯಲ್ಲಿ ಕಾಳು ನೆಲ ಬಿಟ್ಟು ಮೇಲೇರಲೇಬೇಕು. ಆದ್ದರಿಂದಲೇ ಮನೆಯ ಊಟದ ಭತ್ತಕ್ಕೆಂದು ಹಳೆಯ ಕ್ರಮದ ಬಿದಿರಿನ ಕಣಜವನ್ನು ಹೊಸದಾಗಿ ಕಟ್ಟಿಸಿಕೊಂಡೆ.

ಮೊದಲ ಚಿಂತೆ ಕಾಲುಗಳದ್ದು. ನಮ್ಮಲ್ಲಿ ಜಂಬಿಟ್ಟಿಗೆ ಸುಲಭವಾಗಿ ಸಿಗುತ್ತದೆ. ಆದರೆ ಅದು ನೀರು ಹೀರುವ ಕಲ್ಲಾದ್ದರಿಂದ ನೆಲದ ತೇವ ಅದರ ಮೂಲಕ ಮೇಲಕ್ಕೆ ಹತ್ತುತ್ತದೆ. ಹಾಗಾಗಿ ಗಟ್ಟಿ ಕರಿಕಲ್ಲಿನ ಕಂಬಗಳನ್ನೇ ಮೂರು ಅಡಿ ಎತ್ತರಕ್ಕೆ ನಿಲ್ಲಿಸಿ, ಪ್ರತಿ ಕಂಬದ ತಲೆಗೆ ಸುತ್ತಲೂ ಒಂದು ಗೇಣು ಹೊರಚಾಚುವ ತಗಡಿನ ತಟ್ಟೆಯಿಟ್ಟು, ಅದರ ಮೇಲೆ ಮತ್ತಿಯ ತೊಲೆ ಮತ್ತು ಹಲಗೆಗಳನ್ನು ಹಾಸಿದೆವು. ಇಲಿ ಕಂಬ ಹತ್ತಿದರೂ ತಟ್ಟೆಯ ಅಡಿಮೈಗೆ ಬಂದು ಹಿಂದಿರುಗಬೇಕಾಗುತ್ತದೆ. ಕಣಜವನ್ನು ಗೋಡೆಯಿಂದ ದೂರವಿಟ್ಟು, ಏಣಿಯನ್ನಾಗಲಿ ನೇಗಿಲನ್ನಾಗಲಿ ಅದಕ್ಕೆ ಒರಗಿಸದಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಕೆಳಗಿನ ಜಾಗವನ್ನು ಸಾಮಾನು ತುಂಬದೆ ಖಾಲಿ ಬಿಡಬೇಕು. ಗಾಳಿಯಾಡುವುದೂ ಪೊರಕೆಯಾಡುವುದೂ ಅಲ್ಲಿಯೇ.

ಬಲಿತ ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿದು ಎರಡು ಮೂರು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟೆವು. ಬಿದಿರಿನೊಳಗಿನ ಪಿಷ್ಟವೇ ಅದನ್ನು ಪುಡಿಗಟ್ಟುವ ಹುಳುವಿನ ಆಹಾರ. ನೀರಿನಲ್ಲಿ ನೆನೆದಾಗ ಅದು ಕಡಿಮೆಯಾಗುತ್ತದೆ. ಹೆಣೆದುಕೊಟ್ಟವರು ಪಕ್ಕದ ಊರಿನ ಮೇದಾರ ಹಿರಿಯರು. ನಾಲ್ಕು ಅಡಿ ಅಡ್ಡಗಲ, ಐದು ಅಡಿ ಎತ್ತರದ ಈ ಕಣಜ ಸುಮಾರು ಹತ್ತು ಕ್ವಿಂಟಲ್ ಭತ್ತ ಹಿಡಿಯುತ್ತದೆ.

ಕಣಜದ ಜೀವವಿರುವುದು ಮೆತ್ತುವ ಮಣ್ಣಿನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹುತ್ತದ ಮಣ್ಣನ್ನು ಜರಡಿ ಹಿಡಿದು, ಸಗಣಿ ಮತ್ತು ಭತ್ತದ ಹೊಟ್ಟು ಸೇರಿಸಿ, ಕಾಲಿನಿಂದ ತುಳಿದು ಕೆಲವು ದಿನ ಕೊಳೆಯಲು ಬಿಡುತ್ತೇವೆ. ಅಂಗೈಯಲ್ಲಿ ಉಂಡೆ ಮಾಡಿದರೆ ಬಿರಿಯದೆ, ಬೆರಳಿಗೂ ಅಂಟದೆ ಇರುವ ಹದ ಬಂದಾಗ ಮೊದಲ ಮೆತ್ತಿಗೆ ಆರಂಭ. ಹೆಣಿಗೆಯ ಪ್ರತಿಯೊಂದು ಕಂಡಿಗೂ ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿ, ಆ ಮಣ್ಣು ಒಳಮೈಯಲ್ಲಿ ಗುಬುಟಾಗಿ ಕಾಣಿಸಿಕೊಂಡ ಮೇಲೆ ಅದನ್ನು ಒಳಗಿನಿಂದ ಅಂಗೈಯಲ್ಲಿ ಸವರುವುದರಿಂದ ಎರಡೂ ಬದಿಯ ಮಣ್ಣು ಬಿದಿರನ್ನು ನಡುವೆ ಕಚ್ಚಿ ಹಿಡಿಯುತ್ತದೆ. ಈ ಮೆತ್ತು ನೆರಳಿನಲ್ಲಿ ಒಣಗುವಾಗ ಕೂದಲೆಳೆಯಂಥ ಬಿರುಕುಗಳು ಬಿಡುವುದು ಸಹಜ. ಅವನ್ನು ಎರಡನೆಯ ತೆಳು ಮೆತ್ತಿನಿಂದ ಮುಚ್ಚಿ, ಕೊನೆಗೆ ಸಗಣಿಯ ನೀರು ಸಾರಿಸಬೇಕು. ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದ ಮೆತ್ತು ಹಕ್ಕಳೆಯೆದ್ದು ಬೀಳುತ್ತದೆ. ಸಿಮೆಂಟ್ ಬಳಿದವರನ್ನೂ ಕಂಡಿದ್ದೇನೆ. ತುಂಬುವಾಗ ಇಳಿಸುವಾಗ ಅಲುಗುವ ಬಿದಿರಿಗೆ ಅದು ಹೊಂದುವುದಿಲ್ಲ.

ಭತ್ತವನ್ನು ಸುಗ್ಗಿಯ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸಂಜೆ ಬಿಸಿಯಾರಿದ ಬಳಿಕವೇ ತುಂಬುತ್ತೇನೆ. ಬಿಸಿಯಾಗಿರುವಾಗ ತುಂಬಿದ ಕಾಳು ತಣಿಯುತ್ತ ಒಳಗೇ ಬೆವರುತ್ತದೆ. ಹಲ್ಲಿನಲ್ಲಿ ಕಡಿದಾಗ ಕಟ್ ಎಂದು ಮುರಿಯಬೇಕೆಂಬುದು ಹಿರಿಯರ ಪರೀಕ್ಷೆ. ಅದರೊಂದಿಗೆ ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಭತ್ತ, ಒಂದು ಚಮಚ ಒಣ ಪುಡಿ ಉಪ್ಪು ಹಾಕಿ ಕುಲುಕಿಯೂ ನೋಡುತ್ತೇನೆ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಕಣಜಕ್ಕೆ ಬೇಕಾದದ್ದು ಶೇ. 12–13. ಬೇವು ಮತ್ತು ಲಕ್ಕಿಯ ಸೊಪ್ಪನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಪದರ ಪದರವಾಗಿ ಹಾಕುತ್ತೇವೆ. ಹಸಿ ಸೊಪ್ಪು ತೇವವನ್ನೇ ಒಳಗೊಯ್ಯುತ್ತದೆ. ಒಣಸೊಪ್ಪು ಕೂಡ ಹೊರಗಿನ ಹುಳುವನ್ನು ದೂರವಿಡಬಹುದೇ ಹೊರತು ಕಾಳಿನೊಳಗೆ ಮೊಟ್ಟೆಯಿಟ್ಟ ಸೊಂಡಿಲು ಹುಳುವಿಗೆ ಮದ್ದಾಗದು. ಬಾಯಿಯನ್ನು ಹುಲ್ಲು ಮತ್ತು ಮಣ್ಣಿನಿಂದ ಮುಚ್ಚಿ, ದಿನಬಳಕೆಗೆ ತಳದ ಕಿಂಡಿಯಿಂದ ತೆಗೆಯುತ್ತೇವೆ.

ಹೊಸ ಭತ್ತ ಬರುವ ಮೊದಲು ಕಣಜವನ್ನು ಪೂರ್ತಿ ಬರಿದು ಮಾಡಿ, ಹಲಗೆಯ ಸಂದಿಯಲ್ಲಿ ಉಳಿದ ಹಳೆಯ ಕಾಳನ್ನೂ ಕಡ್ಡಿಯಿಂದ ಕೆದಕಿ ತೆಗೆಯಬೇಕು, ಏಕೆಂದರೆ ಮುಂದಿನ ವರ್ಷದ ಹುಳು ಹುಟ್ಟುವುದು ಆ ಹಿಡಿಯಷ್ಟು ಕಾಳಿನಲ್ಲಿಯೇ. ಬಿರುಕುಗಳಿಗೆ ಅದೇ ಹುತ್ತದ ಮಣ್ಣು ಮೆತ್ತಿ, ಅದು ಪೂರ್ಣ ಒಣಗಿದ ಮೇಲೆ ಮತ್ತೆ ತುಂಬುತ್ತೇವೆ.